ಹಳೆಯ ಪಿಕಪ್ಪಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್: ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ

ದೀರ್ಘ ಪ್ರಯಾಣಕ್ಕೆಂದು ನನ್ನ 1968ರ ಷೆವರ್ಲೆ ಸಿ-10 ಪಿಕಪ್ಪನ್ನು ಸಜ್ಜುಗೊಳಿಸುವಾಗ ನಾನು ಕೊಂಡ ಸಾಮಾನುಗಳಲ್ಲೆಲ್ಲ ಅತ್ಯಂತ ಚಿಕ್ಕದು, ಕಿಡಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗೆ ಅಡಗಿ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್. ಬಾನೆಟ್ ತೆರೆದು ನೋಡಿದವರಿಗೂ ಏನೂ ಬದಲಾದಂತೆ ಕಾಣುವುದಿಲ್ಲ. ಕ್ಯಾಪಿನ ಕೆಳಗಿನಿಂದ ಒಂದು ತಂತಿ ಬರುತ್ತಿದ್ದ ಕಡೆ ಈಗ ಕೆಂಪು ಮತ್ತು ಕಪ್ಪು ಬಣ್ಣದ ಎರಡು ತಂತಿಗಳು ಬರುತ್ತವೆ, ಅಷ್ಟೆ. ಪ್ರಯಾಣಕ್ಕೆ ಎರಡು ತಿಂಗಳು ಮೊದಲು ಹಾಕಿ, ಪ್ರಯಾಣವನ್ನೂ ಮುಗಿಸಿ, ಒಟ್ಟು ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಿಟ್ ಒಳ್ಳೆಯದು, ಅದನ್ನು ನಾನು ತೆಗೆಯುವುದಿಲ್ಲ, ಆದರೆ ಅದಕ್ಕೆ ಸಿಗುವ ವಿದ್ಯುತ್ತು ಸರಿಯಿಲ್ಲದಿದ್ದರೆ, ಹಿಂದೆ ಅದರ ಜಾಗದಲ್ಲಿದ್ದ ಹಳೆಯ ಪಾಯಿಂಟ್‌ಗಿಂತ, ಅಂದರೆ ಕಿಡಿ ಎಬ್ಬಿಸುವ ಯಾಂತ್ರಿಕ ಸ್ವಿಚ್ಚಿಗಿಂತ, ಹೆಚ್ಚು ತೊಂದರೆ ಕೊಡುತ್ತದೆ.

ಗಾಡಿಯ ಬಗ್ಗೆ ಎರಡು ಮಾತು. ಇದರಲ್ಲಿರುವುದು 250 ಘನ ಇಂಚಿನ, ಅಂದರೆ ಸುಮಾರು 4.1 ಲೀಟರಿನ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಇಂಜಿನ್. ಒಂದೇ ಬ್ಯಾರಲ್ಲಿನ ಕಾರ್ಬುರೇಟರ್, ಸ್ಟೀರಿಂಗ್ ಕಂಬದ ಮೇಲೆ ಮೂರು ಗೇರ್, ಸೀಟಿನ ಬೆನ್ನ ಹಿಂದೆ ಪೆಟ್ರೋಲ್ ಟ್ಯಾಂಕು. ಪ್ರಯಾಣದ ಸಿದ್ಧತೆಯ ಉಳಿದ ಕೆಲಸಗಳನ್ನು ಎಲ್ಲರೂ ಮಾಡುವಂತೆಯೇ ಮಾಡಿದ್ದೆ. ಬ್ರೇಕಿನ ರಬ್ಬರ್ ಹೋಸುಗಳನ್ನು ಬದಲಿಸಿ ಹೊಸ ಬ್ರೇಕ್ ಆಯಿಲ್ ತುಂಬಿದೆ. ರೇಡಿಯೇಟರನ್ನು ತೊಳೆಸಿ ಹೋಸು, ಬೆಲ್ಟು, ಥರ್ಮೋಸ್ಟಾಟ್ ಹೊಸದು ಹಾಕಿದೆ. ಯೂನಿವರ್ಸಲ್ ಜಾಯಿಂಟುಗಳನ್ನು ಅಲುಗಿಸಿ ನೋಡಿ ಗ್ರೀಸ್ ಹೊಡೆದೆ. ಟೈರುಗಳ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಆ ಅಂಕಿಗಳನ್ನು ಓದಿದ ಮೇಲೆ, ನೋಡುವುದಕ್ಕೆ ಹೊಸದರಂತಿದ್ದ ನಾಲ್ಕೂ ಟೈರುಗಳನ್ನು ಬದಲಿಸಿದೆ. ಇವುಗಳಲ್ಲಿ ಯಾವುದರ ಬಗ್ಗೆಯೂ ಅನುಮಾನಕ್ಕೆ ಎಡೆಯಿರಲಿಲ್ಲ. ಇಗ್ನಿಷನ್ ವಿಷಯದಲ್ಲಿ ಮಾತ್ರ ಬಹಳ ದಿನ ಯೋಚಿಸಿದೆ.

ಕೆಟ್ಟಿಲ್ಲದ ಪಾಯಿಂಟನ್ನು ಏಕೆ ತೆಗೆಯಬೇಕು ಎಂಬುದೇ ಆ ಯೋಚನೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ, 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದ ಆ ವ್ಯವಸ್ಥೆಯ ಮೂಲತತ್ವದ ಮೇಲೆಯೇ ಬಹುಪಾಲು ಪೆಟ್ರೋಲ್ ಗಾಡಿಗಳು ಅರವತ್ತು ವರ್ಷ ಓಡಿವೆ. ಪಾಯಿಂಟ್ ಎಂಬುದು ಒಂದು ಪುಟ್ಟ ಸ್ವಿಚ್ಚು. ಅದು ಮುಚ್ಚಿದ್ದಾಗ, ವೋಲ್ಟೇಜನ್ನು ಹೆಚ್ಚಿಸುವ ತಂತಿಯ ಸುರುಳಿಯಾದ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ಆರು ಮೂಲೆಯ ಕ್ಯಾಮ್ ಅದನ್ನು ತಳ್ಳಿ ತೆರೆದ ಕ್ಷಣದಲ್ಲಿ ಕಾಯಿಲಿನ ಕಾಂತಕ್ಷೇತ್ರ ಕುಸಿದು, ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿಗೆ ಹೋಗುತ್ತದೆ. ಪಕ್ಕದ ಕಂಡೆನ್ಸರ್ ಪಾಯಿಂಟಿನ ತುದಿಗಳ ನಡುವೆ ಕಿಡಿ ಹಾರಿ ಅವು ಸುಡದಂತೆ ತಡೆಯುತ್ತದೆ. ಆರು ಸಿಲಿಂಡರಿನ ಇಂಜಿನ್ನಿಗೆ ಅದರ ಮುಖ್ಯ ದಂಡವಾದ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಮೂರು ಕಿಡಿ ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನನ್ನ ಇಂಜಿನ್ ನಿಮಿಷಕ್ಕೆ ಸುಮಾರು 2,200 ಸುತ್ತು ತಿರುಗುತ್ತದೆ. ಅಂದರೆ ಪಾಯಿಂಟ್ ನಿಮಿಷಕ್ಕೆ 6,600 ಸಲ, ಗಂಟೆಗೆ ಸುಮಾರು 4 ಲಕ್ಷ ಸಲ ತೆರೆದು ಮುಚ್ಚಬೇಕು. ನಾಲ್ಕು ಸಾವಿರ ಕಿಲೋಮೀಟರಿನ ಪ್ರಯಾಣಕ್ಕೆ ಐವತ್ತು ಗಂಟೆಯೆಂದು ಲೆಕ್ಕ ಹಿಡಿದರೂ 2 ಕೋಟಿ ಸಲ. ಕ್ಯಾಮಿಗೆ ಉಜ್ಜಿಕೊಂಡು ನಡೆಯುವ ಸಣ್ಣ ಫೈಬರ್ ತುಂಡೊಂದು ಅಷ್ಟು ಸಲ ಸವೆಯುತ್ತದೆ.

ಈ ಸವೆತವನ್ನು ನಾನು ಲಘುವಾಗಿ ನೋಡಲಾರೆ. ಫೈಬರ್ ಸವೆದಂತೆ ಪಾಯಿಂಟಿನ ಗ್ಯಾಪ್ ಕಿರಿದಾಗುತ್ತದೆ, ಅದು ತಡವಾಗಿ ತೆರೆಯತೊಡಗುತ್ತದೆ, ಕಿಡಿ ಹಿಂದೆ ಬೀಳುತ್ತದೆ. ಕಿಡಿ ತಡವಾದರೆ ಉರಿಯುವಿಕೆಯೂ ತಡವಾಗಿ, ಶಾಖದ ಹೆಚ್ಚಿನ ಪಾಲು ಕೆಲಸಕ್ಕೆ ಬಾರದೆ ಎಕ್ಸಾಸ್ಟಿಗೂ ತಂಪುಗೊಳಿಸುವ ನೀರಿಗೂ ಹೋಗುತ್ತದೆ. ದೀರ್ಘ ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿದಾಗ ಎಲ್ಲರೂ ರೇಡಿಯೇಟರನ್ನು ಬೈಯುತ್ತಾರೆ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಜಾರಿರಬಹುದೆಂಬುದು ಕೊನೆಯಲ್ಲಿ ಹೊಳೆಯುತ್ತದೆ. ಮನೆಯ ಸುತ್ತಮುತ್ತ ಓಡಾಡುವ ಗಾಡಿಯಲ್ಲಿ ಇದನ್ನು ಬಿಡುವಾದಾಗ ಸರಿಪಡಿಸಿಕೊಳ್ಳಬಹುದು. ಒಂದೇ ವಾರದಲ್ಲಿ ಅಷ್ಟೂ ಸವೆತವನ್ನು ಒಟ್ಟಿಗೆ ಉಣಿಸುವ ಪ್ರಯಾಣದಲ್ಲಿ, ದಾರಿಯ ನಡುವೆ ಬಾಗಿ ನಿಂತು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, 0.019 ಇಂಚಿನ ಫೀಲರ್ ಗೇಜನ್ನು ಪಾಯಿಂಟಿನ ನಡುವೆ ತೂರಿಸಿ, ಸ್ಕ್ರೂ ಬಿಗಿ ಮಾಡುವಾಗ ಗ್ಯಾಪ್ ಮತ್ತೆ ಬದಲಾಯಿತೆಂದು ಮೊದಲಿನಿಂದ ಶುರುಮಾಡುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ನಾನು ಹಿಂದೊಮ್ಮೆ ಮಳೆಯಲ್ಲಿ ಅದನ್ನು ಮಾಡಿದ್ದೇನೆ. ಕಿಟ್ ಕೊಳ್ಳಲು ಅದೇ ಕಾರಣ.

ಈ ಬಗೆಯ ಕಿಟ್‌ಗಳನ್ನು ಹಲವರು ತಯಾರಿಸುತ್ತಾರೆ. ಪರ್‌ಟ್ರಾನಿಕ್ಸ್ ಕಂಪನಿಯ ಇಗ್ನೈಟರ್ ಅವುಗಳಲ್ಲಿ ಹೆಚ್ಚು ಪರಿಚಿತ. ನಾನು ಹಾಕಿದ್ದು ಅದೇ ತತ್ವದ, ಬೇರೊಬ್ಬರು ತಯಾರಿಸಿದ ಕಿಟ್. ಇಲ್ಲಿ ಹೇಳುವ ಬಹುಪಾಲು ಮಾತುಗಳು ಈ ಇಡೀ ಬಗೆಗೇ ಅನ್ವಯಿಸುವುದರಿಂದ ಹೆಸರು ಮುಖ್ಯವಲ್ಲ. ಡಬ್ಬಿಯಲ್ಲಿ ಇರುವುದು ಮೂರೇ ವಸ್ತು: ಪಾಯಿಂಟಿದ್ದ ಜಾಗದಲ್ಲಿ ಕೂರುವ ಕಪ್ಪು ಮಾಡ್ಯೂಲ್, ಕ್ಯಾಮಿನ ಮೇಲೆ ಟೊಪ್ಪಿಯಂತೆ ಇಳಿಯುವ ಆರು ಕಾಂತಗಳ ಬಳೆ, ಮತ್ತು ಒಂದು ಹಾಳೆ ಕಾಗದ. ಬಳೆ ತಿರುಗುವಾಗ ಪ್ರತಿಯೊಂದು ಕಾಂತವೂ ಮಾಡ್ಯೂಲಿನ ಎದುರು ಹಾದುಹೋಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ, ಅವನ ಹೆಸರಿನಿಂದಲೇ ಕರೆಯುವ ಪರಿಣಾಮದ ಮೂಲಕ ಸೆನ್ಸರ್ ಅದನ್ನು ಗುರುತಿಸುತ್ತದೆ, ಟ್ರಾನ್ಸಿಸ್ಟರ್ ಕಾಯಿಲಿನ ಕರೆಂಟನ್ನು ಕಡಿಯುತ್ತದೆ. ಒಂದಕ್ಕೊಂದು ತಾಗುವ ಭಾಗವೇ ಇಲ್ಲದಿರುವುದರಿಂದ ಸವೆಯುವುದಕ್ಕೂ ಏನೂ ಇಲ್ಲ. ಕಂಡೆನ್ಸರಿಗೂ ಕೆಲಸವಿಲ್ಲ.

ಜೋಡಣೆ ಸುಲಭ, ಒಂದು ಗಂಟೆ ಸಾಕು. ಡಿಸ್ಟ್ರಿಬ್ಯೂಟರನ್ನು ಇಂಜಿನ್ನಿನಿಂದ ಕೀಳಬೇಕಾಗಿಲ್ಲ. ಕ್ಯಾಪ್ ಬಿಡಿಸಿ, ರೋಟರನ್ನು ಮೇಲಕ್ಕೆಳೆದು, ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು, ಅದೇ ಸ್ಕ್ರೂ ರಂಧ್ರಗಳಿಗೆ ಮಾಡ್ಯೂಲನ್ನು ಕೂರಿಸುವುದು. ಮಾಡ್ಯೂಲ್ ತನ್ನ ಅರ್ತನ್ನು, ಅಂದರೆ ಕರೆಂಟ್ ಹಿಂತಿರುಗುವ ದಾರಿಯನ್ನು, ಪಡೆಯುವುದು ಅದು ಕೂತಿರುವ ತಟ್ಟೆಯಿಂದ. ಆ ತಟ್ಟೆಯೋ ಸ್ಥಿರವಲ್ಲ. ಇಂಜಿನ್ನಿನ ಹೀರಿಕೆಗೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗಲೆಲ್ಲ ತಿರುಗುತ್ತದೆ. ಅದನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಕಟ್ಟಿಹಾಕುವ ಹೆಣೆದ ತಾಮ್ರದ ಪುಟ್ಟ ತಂತಿಯೊಂದು ಒಳಗಿದೆ. ನನ್ನ ಗಾಡಿಯಲ್ಲಿ ಆ ತಂತಿಯ ಹೊದಿಕೆ ಪುಡಿಯಾಗಿ, ಒಳಗಿನ ಎಳೆಗಳಲ್ಲಿ ನಾಲ್ಕೋ ಐದೋ ಮಾತ್ರ ಉಳಿದಿದ್ದವು. ಬೆರಳು ತಾಗಿದೊಡನೆ ಅವುಗಳಲ್ಲಿ ಎರಡು ಕಿತ್ತು ಬಂದವು. ಪಾಯಿಂಟ್ ಆ ಸ್ಥಿತಿಯಲ್ಲೂ ಹೇಗೋ ಕೆಲಸ ಮಾಡುತ್ತಿತ್ತು. ಮಾಡ್ಯೂಲ್ ಮಾಡುತ್ತಿರಲಿಲ್ಲ. ಹೊಸ ಎಳೆಯನ್ನು ಬೆಸುಗೆ ಹಾಕಿದ ಮೇಲೆಯೇ ಮುಂದುವರಿದೆ. ಕಿಟ್ ಹಾಕುವವರು ಎಲ್ಲಕ್ಕಿಂತ ಮೊದಲು ಈ ತಂತಿಯನ್ನು ನೋಡಬೇಕೆಂದು ನಾನು ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಕಿಟ್ಟಿನ ಕಾಗದದಲ್ಲಿ ಅದರ ಮಾತೇ ಇರಲಿಲ್ಲ.

ಪಾಯಿಂಟ್ ತೆರೆಯುವ ಕ್ಷಣವೂ ಮಾಡ್ಯೂಲ್ ಕಡಿಯುವ ಕ್ಷಣವೂ ಒಂದೇ ಆಗಿರುವುದಿಲ್ಲವಾದ್ದರಿಂದ, ಜೋಡಿಸಿದ ಕೂಡಲೇ, ಕಿಡಿಯ ಹೊತ್ತನ್ನು ತೋರಿಸುವ ಮಿಣುಕುದೀಪವಾದ ಟೈಮಿಂಗ್ ಲೈಟ್ ಹಿಡಿದು, ವ್ಯಾಕ್ಯೂಮ್ ಹೋಸನ್ನು ಬಿಡಿಸಿ ಮುಚ್ಚಿ, ಟೈಮಿಂಗನ್ನು ಹೊಸದಾಗಿ ಇಡಲೇಬೇಕು. ನನ್ನದು ಹಲವು ಡಿಗ್ರಿ ಸರಿದಿತ್ತು. ಪ್ಲಗ್ ವೈರುಗಳು ಕಾರ್ಬನ್ ಒಳತಿರುಳಿನವೇ ಆಗಿರಬೇಕೆಂಬುದು ಇನ್ನೊಂದು ನಿಯಮ. ಬರಿ ಲೋಹದ ತಿರುಳಿನ ಹಳೆಯ ಬಗೆಯ ವೈರುಗಳು ಎಬ್ಬಿಸುವ ವಿದ್ಯುತ್ ಗದ್ದಲ ಸೆನ್ಸರನ್ನು ದಾರಿ ತಪ್ಪಿಸುತ್ತದೆ.

ಇನ್ನು ನನ್ನನ್ನು ಹತ್ತು ದಿನ ಕಾಡಿದ ತೊಂದರೆಯ ವಿಚಾರ. ಹೊಸ ಕಿಟ್ಟಿನೊಂದಿಗೆ ಇಂಜಿನ್ ಮೊದಲ ಸೆಲ್ಫಿಗೇ ಎದ್ದಿತು, ಐಡ್ಲಿಂಗ್ ಹಿಂದೆಂದೂ ಇಲ್ಲದಷ್ಟು ನಯವಾಗಿತ್ತು. ಪರೀಕ್ಷೆಗೆಂದು ಹೊರಟು, ಮುಕ್ಕಾಲು ಗಂಟೆ ಓಡಿಸಿ, ಉದ್ದನೆಯ ಏರೊಂದನ್ನು ಹತ್ತುತ್ತಿದ್ದಾಗ ಇಂಜಿನ್ ಇದ್ದಕ್ಕಿದ್ದಂತೆ ಮಿಸ್ ಹೊಡೆಯತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡಿತು. ಮುಂದೆ ಎರಡು ಸಲ ಹೀಗೆಯೇ ಆಯಿತು. ಬಿಸಿಯಾದಾಗ ಕೆಡುವುದು, ತಣಿದಾಗ ಸರಿಯಾಗುವುದು ಎಂದರೆ ಹಳೆಯ ಗಾಡಿಯವರ ಮನಸ್ಸು ಮೊದಲು ಹೋಗುವುದು ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಕಟ್ಟಿಕೊಳ್ಳುವ ವೇಪರ್ ಲಾಕ್ ಕಡೆಗೆ. ನಾನೂ ಕೊಳವೆಯನ್ನು ಎಕ್ಸಾಸ್ಟಿನಿಂದ ದೂರ ಸರಿಸಿದೆ, ಶಾಖ ತಡೆಯುವ ಹೊದಿಕೆ ಸುತ್ತಿದೆ, ಪೆಟ್ರೋಲ್ ಪಂಪನ್ನೂ ಅನುಮಾನಿಸಿದೆ. ಯಾವುದೂ ಫಲ ಕೊಡಲಿಲ್ಲ.

ಸುಳಿವು ಸಿಕ್ಕಿದ್ದು ಕಿವಿಯಿಂದ. ಪೆಟ್ರೋಲ್ ಸಾಲದೆ ಹೋದಾಗ ಇಂಜಿನ್ ಸೊರಗುತ್ತದೆ, ಆಕ್ಸಿಲರೇಟರ್ ತುಳಿದಷ್ಟೂ ಬಳಲುತ್ತದೆ, ನಡುನಡುವೆ ಚೇತರಿಸಿಕೊಳ್ಳುತ್ತದೆ. ನನ್ನದು ಹಾಗೆ ಸೊರಗುತ್ತಿರಲಿಲ್ಲ. ಸ್ವಿಚ್ ಆರಿಸಿ ಹಾಕಿದಂತೆ ಪೂರ್ತಿ ನಿಂತು ಪೂರ್ತಿ ಹೊತ್ತಿಕೊಳ್ಳುತ್ತಿತ್ತು. ಅದು ಕಿಡಿಯ ಲಕ್ಷಣ. ಮುಂದಿನ ಸಲ ಮಿಸ್ ಹೊಡೆದಾಗ ಇಂಜಿನ್ ಆರಿಸದೆಯೇ ಕಾಯಿಲಿನ ಧನ ತುದಿಗೆ ಮಲ್ಟಿಮೀಟರ್ ಇಟ್ಟು ನೋಡಿದೆ. ತಣ್ಣಗಿದ್ದಾಗ 9.2 ವೋಲ್ಟ್ ಇದ್ದದ್ದು 7.6ಕ್ಕೆ ಇಳಿದಿತ್ತು. ಮಾಡ್ಯೂಲಿನ ಕೆಂಪು ತಂತಿಯನ್ನು ನಾನು ಸಿಕ್ಕಿಸಿದ್ದು ಅದೇ ತುದಿಗೆ.

ಕಾರಣ ಹೀಗೆ. ಈ ಕಾಲದ ಷೆವರ್ಲೆಗಳಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲಿಗೆ ಬರುವ ತಂತಿ ಸಾಮಾನ್ಯ ತಂತಿಯಲ್ಲ. ಬೇಕೆಂದೇ ಸುಮಾರು 1.8 ಓಮ್ ತಡೆಯನ್ನು ಇಟ್ಟು ಮಾಡಿದ, ಬಟ್ಟೆಯ ಹೊದಿಕೆಯ ರೆಸಿಸ್ಟೆನ್ಸ್ ವೈರ್. ಪಾಯಿಂಟ್ ಬೇಗ ಸುಟ್ಟುಹೋಗದಿರಲೆಂದು ಓಡುವಾಗ ಕಾಯಿಲಿಗೆ ವೋಲ್ಟೇಜನ್ನು ತಗ್ಗಿಸಿ ಕೊಡುವುದು ಅದರ ಕೆಲಸ. ಸೆಲ್ಫ್ ಹೊಡೆಯುವಾಗ ಮಾತ್ರ ಸ್ಟಾರ್ಟರ್ ಸೊಲೆನಾಯ್ಡಿನಿಂದ ಬೇರೆ ತಂತಿಯೊಂದು ಬ್ಯಾಟರಿಯ ಪೂರ್ಣ ವೋಲ್ಟೇಜನ್ನು ನೇರವಾಗಿ ಕೊಡುತ್ತದೆ. ಆದ್ದರಿಂದ ಸ್ಟಾರ್ಟ್ ಆಗುವಾಗ ಎಲ್ಲವೂ ಸರಿ, ಓಡುವಾಗ ಕೊರತೆ. ಪಾಯಿಂಟಿಗೆ ಈ ತಗ್ಗಿದ ವೋಲ್ಟೇಜ್ ಹಿತ, ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಅಹಿತ. ಬಿಸಿಯೇರಿದಂತೆ ವೋಲ್ಟೇಜ್ ಇನ್ನಷ್ಟು ಕುಸಿದಾಗ ಅದು ಕೆಲಸ ನಿಲ್ಲಿಸುತ್ತಿತ್ತು. ಈ ವಿಷಯ ಕಿಟ್ಟಿನ ಕಾಗದದಲ್ಲಿ ಇಲ್ಲದಿಲ್ಲ. ಹಿಂಬದಿಯಲ್ಲಿ, ಅತಿ ಸಣ್ಣ ಅಕ್ಷರದಲ್ಲಿ, ಕೊನೆಯ ಸಾಲಾಗಿ ಇದೆ. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಇರುವುದು ಕೆಂಪು ತಂತಿಯನ್ನು ಕಾಯಿಲಿನ ಧನ ತುದಿಗೆ ಜೋಡಿಸಿರಿ ಎಂಬ ಸೂಚನೆ. ಯಾರನ್ನಾದರೂ ದಾರಿಯ ನಡುವೆ ನಿಲ್ಲಿಸಬಲ್ಲ ಮಾತನ್ನು ಹೀಗೆ ಮರೆಯಲ್ಲಿಟ್ಟಿರುವುದು ನನಗೆ ಸರಿಕಾಣಲಿಲ್ಲ, ಈ ವಸ್ತುವಿನ ಬಗ್ಗೆ ನನ್ನ ದೊಡ್ಡ ದೂರು ಇದೇ.

ಪರಿಹಾರ ಸರಳ. ಫ್ಯೂಸ್ ಪೆಟ್ಟಿಗೆಯಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತುದಿಯಿಂದ, ಸೆಲ್ಫ್ ಹೊಡೆಯುವಾಗಲೂ ಅದು ಸಾಯುವುದಿಲ್ಲವೆಂದು ಖಚಿತಪಡಿಸಿಕೊಂಡು, ಮಾಡ್ಯೂಲಿನ ಕೆಂಪು ತಂತಿಗೆ ಪ್ರತ್ಯೇಕ ವೈರ್ ಎಳೆದೆ. ಕಾಯಿಲಿಗೆ ಹೋಗುವ ರೆಸಿಸ್ಟೆನ್ಸ್ ವೈರನ್ನು ಹಾಗೆಯೇ ಉಳಿಸಿದೆ. ಹಳೆಯ ವೈರನ್ನು ಪೂರ್ತಿ ಕಿತ್ತುಹಾಕಿ ಕಾಯಿಲಿಗೂ ಪೂರ್ಣ ವೋಲ್ಟೇಜ್ ಕೊಡಿರೆಂದು ಕೆಲವರು ಹೇಳುತ್ತಾರೆ. ಆದರೆ ನನ್ನ ಮೂಲ ಕಾಯಿಲಿನ ತಡೆ ಸುಮಾರು 1.5 ಓಮ್ ಮಾತ್ರ. ಅದರ ಮೂಲಕ ನೇರವಾಗಿ 12.6 ವೋಲ್ಟ್ ಹರಿಸಿದರೆ ಕರೆಂಟ್ 8 ಆಂಪಿಯರ್ ದಾಟುತ್ತದೆ, ಆರು ಸಿಲಿಂಡರಿಗೆಂದು ಮಾಡಿದ ಈ ಸರಳ ಮಾಡ್ಯೂಲ್ ಅದನ್ನು ಬಹಳ ಕಾಲ ತಾಳಲಾರದು. ವೈರಿನ 1.8 ಓಮ್ ಸೇರಿ ಒಟ್ಟು 3.3 ಓಮ್ ಆದರೆ ಕರೆಂಟ್ 4 ಆಂಪಿಯರಿನ ಆಸುಪಾಸಿನಲ್ಲಿರುತ್ತದೆ. ಹೊಸ ಕಾಯಿಲ್ ಕೊಳ್ಳುವವರು 3 ಓಮಿನದನ್ನು ಕೊಂಡು ರೆಸಿಸ್ಟೆನ್ಸ್ ವೈರನ್ನು ತೆಗೆದರೂ ಸರಿಯೇ. ಎರಡರಲ್ಲಿ ಯಾವುದನ್ನು ಮಾಡಿದರೂ ಮೀಟರಿನಲ್ಲಿ ಅಳೆದೇ ಮಾಡಬೇಕು. ವೈರ್ ಬದಲಿಸಿದ ದಿನದಿಂದ ಇಂದಿನವರೆಗೆ ಇಂಜಿನ್ ಒಮ್ಮೆಯೂ ಮಿಸ್ ಹೊಡೆದಿಲ್ಲ, ಅದೇ ಏರನ್ನು ಅದೇ ಬಿಸಿಲಿನಲ್ಲಿ ನಾಲ್ಕು ಸಲ ಹತ್ತಿಸಿ ನೋಡಿದ್ದೇನೆ.

ಪ್ರಯಾಣದಲ್ಲಿ ಕಿಟ್ ಹೇಗಿತ್ತು? ಅದರ ನೆನಪೇ ಬರಲಿಲ್ಲ, ಒಂದು ಇಗ್ನಿಷನ್ನಿನ ಬಗ್ಗೆ ಇದಕ್ಕಿಂತ ಹೆಚ್ಚು ಒಳ್ಳೆಯ ಮಾತು ನನಗೆ ಗೊತ್ತಿಲ್ಲ. ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ಸೆಲ್ಫ್ ಹೊಡೆದರೆ ಎರಡನೆಯ ಸುತ್ತಿಗೆ ಎದ್ದೇಳುತ್ತಿತ್ತು. ಅರ್ಧ ದಾರಿಯಲ್ಲೊಮ್ಮೆ, ಹಿಂತಿರುಗಿದ ಮೇಲೊಮ್ಮೆ ಟೈಮಿಂಗ್ ಲೈಟ್ ಹಿಡಿದೆ. ಗುರುತು ಇಟ್ಟಲ್ಲೇ ಇತ್ತು, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಪಾಯಿಂಟಿನೊಂದಿಗೆ ಇದು ಸಾಧ್ಯವಿರಲಿಲ್ಲ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೊದಲ ದಿನ ನಿಂತ ಜಾಗದಲ್ಲೇ ಕೊನೆಯ ದಿನವೂ ನಿಂತಿತ್ತು. ಲೀಟರಿಗೆ 6.4 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 6.8 ಕೊಟ್ಟಿತು. ಆದರೆ ಇದನ್ನು ಕಿಟ್ಟಿನ ಸಾಧನೆಯೆಂದು ನಾನು ಬರೆದುಕೊಳ್ಳುವುದಿಲ್ಲ, ಏಕೆಂದರೆ ಸವೆದ ಪಾಯಿಂಟಿನೊಂದಿಗಿನ ಜಾರಿದ ಟೈಮಿಂಗನ್ನು ಸರಿಯಾದ ಟೈಮಿಂಗಿನೊಂದಿಗೆ ಹೋಲಿಸಿದಂತಾಯಿತು. ಹೊಸ ಪಾಯಿಂಟ್ ಹಾಕಿ ಚೆನ್ನಾಗಿ ಟ್ಯೂನ್ ಮಾಡಿದ್ದರೂ ಮೊದಲ ಸಾವಿರ ಕಿಲೋಮೀಟರ್ ಅಷ್ಟೇ ಮೈಲೇಜ್ ಬರುತ್ತಿತ್ತು. ಶಕ್ತಿ ಹೆಚ್ಚುತ್ತದೆ ಎಂಬ ಜಾಹೀರಾತನ್ನು ನಂಬಿ ಯಾರೂ ಇದನ್ನು ಕೊಳ್ಳಬಾರದು. ಅದೇ ಕಾಯಿಲ್, ಅದೇ ಪ್ಲಗ್ ಇರುವಾಗ ಹೊಸ ಶಕ್ತಿ ಎಲ್ಲಿಂದಲೂ ಬರುವುದಿಲ್ಲ.

ಎರಡು ದೌರ್ಬಲ್ಯಗಳನ್ನು ಹೇಳಲೇಬೇಕು. ಇಂಜಿನ್ ಆರಿದ್ದು ಕೀಲಿ ಮಾತ್ರ ಆನ್ ಸ್ಥಿತಿಯಲ್ಲಿ ಉಳಿದರೆ, ರೇಡಿಯೋ ಕೇಳಲೆಂದು ಹಾಗೆ ಮಾಡುವವರುಂಟು, ಮೊದಲ ಪೀಳಿಗೆಯ ಈ ಸರಳ ಮಾಡ್ಯೂಲ್‌ಗಳು ಬಿಸಿಯಾಗಿ ಸುಟ್ಟುಹೋಗಬಹುದು. ಈಗ ಗಾಡಿಯಲ್ಲಿ ಯಾರೇ ಕೂತರೂ ಕೀಲಿಯನ್ನು ಆಕ್ಸೆಸರಿ ಕಡೆಗೆ ತಿರುಗಿಸುವುದನ್ನು ತೋರಿಸಿಕೊಡುತ್ತೇನೆ. ಎರಡನೆಯದು ಇನ್ನೂ ಗಂಭೀರ. ಪಾಯಿಂಟ್ ಕೆಡುವಾಗ ಹೇಳಿ ಕೆಡುತ್ತದೆ: ಸ್ಟಾರ್ಟ್ ಆಗಲು ತಡಮಾಡುತ್ತದೆ, ಐಡ್ಲಿಂಗ್ ಒರಟಾಗುತ್ತದೆ, ಏರಿನಲ್ಲಿ ಆಲಸ್ಯ ತೋರಿಸುತ್ತದೆ, ಆದರೂ ಮುಂದಿನ ಊರಿನವರೆಗೆ ಎಳೆದು ತಲುಪಿಸುತ್ತದೆ. ಮಾಡ್ಯೂಲ್ ಹೇಳುವುದಿಲ್ಲ. ಒಂದು ಕ್ಷಣ ಇದ್ದದ್ದು ಮರುಕ್ಷಣ ಇಲ್ಲ, ಮತ್ತು ಅದರೊಳಗೆ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ನನ್ನದು ಹಾಗೆ ಆಗಿಲ್ಲ, ಆದರೆ ಆಗಲಾರದು ಎಂದುಕೊಂಡು ಹೊರಡುವ ಧೈರ್ಯ ನನಗಿಲ್ಲ.

ಬೇರೆ ಗಾಡಿಯವರಿಗೆ ಒಂದು ಎಚ್ಚರಿಕೆ: ಷೆವರ್ಲೆ ಟ್ರಕ್ಕುಗಳು 12 ವೋಲ್ಟಿಗೆ ಬಂದದ್ದು 1955ರಲ್ಲಿ, ಫೋರ್ಡ್ 1956ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳು 6 ವೋಲ್ಟಿನವು, ಅವುಗಳಲ್ಲಿ ಕೆಲವಕ್ಕೆ ಬ್ಯಾಟರಿಯ ಧನ ತುದಿಯೇ ಅರ್ತ್. ಅವಕ್ಕೆ ಬೇರೆಯದೇ ಕಿಟ್ ಬೇಕು. ಇದನ್ನು ಹಾಕಿದರೆ 6 ವೋಲ್ಟಿನಲ್ಲಿ ಕೆಲಸ ಮಾಡುವುದಿಲ್ಲ, ಧನ ತುದಿ ಅರ್ತ್ ಆಗಿರುವ ಗಾಡಿಯಲ್ಲಿ ಹಾಳಾಗಲೂಬಹುದು. ಜನರಲ್ ಮೋಟರ್ಸ್ 1975ರಿಂದ ಅಮೆರಿಕದ ತನ್ನ ಬಹುಪಾಲು ಗಾಡಿಗಳಿಗೆ ಕೊಟ್ಟ ಎಚ್‌ಇಐ ಎಂಬ ಪೂರ್ಣ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನೇ ತಂದು ಕೂರಿಸುವುದು ಇನ್ನೊಂದು ದಾರಿ. ಅದರ ಕಿಡಿ ನಿಜಕ್ಕೂ ಬಲವಾದದ್ದು. ಆದರೆ ಅದನ್ನು ಒಮ್ಮೆ ಹಾಕಿದ ಮೇಲೆ ದಾರಿಬದಿಯಲ್ಲಿ ಪಾಯಿಂಟಿಗೆ ಮರಳುವ ಅವಕಾಶವಿರುವುದಿಲ್ಲ, ನನಗೆ ಬೇಕಾದದ್ದು ಆ ಅವಕಾಶ.

ಅದಕ್ಕಾಗಿಯೇ ಬಿಡಿ ಮಾಡ್ಯೂಲೊಂದನ್ನು ಕೊಳ್ಳುವ ಬದಲು ಹಳೆಯ ಸಾಮಾನನ್ನೇ ಉಳಿಸಿಕೊಂಡೆ. ಮಾಡ್ಯೂಲ್ ಒಳ್ಳೆಯದಿದೆಯೋ ಕೆಟ್ಟಿದೆಯೋ ಕಣ್ಣಿಗೆ ಕಾಣುವುದಿಲ್ಲ; ಪಾಯಿಂಟನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಹೊಸ ಪಾಯಿಂಟ್, ಹೊಸ ಕಂಡೆನ್ಸರ್, ಕ್ಯಾಮಿಗೆ ಹಚ್ಚುವ ಚಿಟಿಕೆಯಷ್ಟು ಗ್ರೀಸ್, ಫೀಲರ್ ಗೇಜ್, ಆ ಸ್ಕ್ರೂಗಳಿಗೆ ಸರಿಹೊಂದುವ ಗಿಡ್ಡ ಸ್ಕ್ರೂಡ್ರೈವರ್, ಎರಡು ಬಿಡಿ ಸ್ಕ್ರೂ, ಇಷ್ಟನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿದೆ. ಹೊರಡುವ ಹಿಂದಿನ ವಾರ, ಕತ್ತಲಾದ ಮೇಲೆ, ಟಾರ್ಚೊಂದನ್ನೇ ಇಟ್ಟುಕೊಂಡು ಮಾಡ್ಯೂಲನ್ನು ಬಿಚ್ಚಿ ಪಾಯಿಂಟ್ ಹಾಕಿ ಇಂಜಿನ್ ಎಬ್ಬಿಸಿ ನೋಡಿದೆ. ಟೈಮಿಂಗ್ ಲೈಟ್ ಬಳಸದೆ, ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಉಳಿಯಿಂದ ಮೊದಲೇ ಕೆತ್ತಿಟ್ಟಿದ್ದ ಎರಡು ಗೆರೆಗಳಲ್ಲಿ ಪಾಯಿಂಟಿನದಕ್ಕೆ ಸರಿಯಾಗಿ ತಿರುಗಿಸಿದೆ. ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು, ಎರಡನೆಯ ಸಲ ಇಪ್ಪತ್ತೈದು. ಮತ್ತೆ ಮಾಡ್ಯೂಲನ್ನು ಕೂರಿಸಿ ಇನ್ನೊಂದು ಗೆರೆಗೆ ತಿರುಗಿಸಿ, ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟೆ. ನಾಲ್ಕು ಸಾವಿರ ಕಿಲೋಮೀಟರಿನಲ್ಲಿ ಅದರ ಮುಚ್ಚಳ ತೆಗೆಯುವ ಸಂದರ್ಭ ಬರಲಿಲ್ಲ. ಈಗಲೂ ಅದು ಅಲ್ಲೇ ಇದೆ.